ಕ್ಲಿಪ್ ಯಾವಾಗ ತೆಗೀತೀರಿ?

ಹಲ್ಲಿಗೆ ಕ್ಲಿಪ್ ಹಾಕಿಸಲು ಬರುವ ಹದಿಮೂರು-ಹದಿನಾಲ್ಕರ ಮಕ್ಕಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವಾಗ ತೆಗೀತೀರಿ?" ಇನ್ನೂ ಹಾಕಿಯೇ ಇರುವುದಿಲ್ಲ. ಸಿಗುವ ಉತ್ತರವೂ ಅಷ್ಟೇ ಚಿಕ್ಕದು: "ಒಂದೂವರೆ ವರ್ಷ, ಹೆಚ್ಚೆಂದರೆ ಎರಡು." ಅಲ್ಲಿಂದ ಮಾತು ತಂದೆ-ತಾಯಿಯ ಕಡೆ ತಿರುಗುತ್ತದೆ. ಎಕ್ಸ್‌ರೇ, ಖರ್ಚು, ಹಲ್ಲು ಕೀಳಬೇಕೇ ಬೇಡವೇ, ಎಲ್ಲವೂ ದೊಡ್ಡವರ ನಡುವೆಯೇ ತೀರ್ಮಾನವಾಗುತ್ತದೆ. ಯಾರ ಬಾಯಿಯ ಬಗ್ಗೆ ಮಾತು ನಡೆದಿದೆಯೋ ಅವರು ಕುರ್ಚಿಯಲ್ಲಿ ಮಲಗಿ ಮೇಲಿನ ದೀಪ ನೋಡುತ್ತಿರುತ್ತಾರೆ. ಹದಿಮೂರು ವರ್ಷದವರಿಗೆ ಎರಡು ವರ್ಷವೆಂದರೆ ಅಲ್ಲಿಯವರೆಗಿನ ಬದುಕಿನ ಆರರಲ್ಲೊಂದು ಪಾಲಿಗೆ ಹತ್ತಿರ. ಅಷ್ಟು ಕಾಲ ಬಾಯಲ್ಲಿ ಲೋಹ ಇಟ್ಟುಕೊಳ್ಳಿ ಎಂದು ಹೇಳುವಾಗ, ಆ ಕಾಲ ಎಲ್ಲಿ ಹೋಗುತ್ತದೆ ಎಂಬುದನ್ನೂ ಅವರಿಗೇ ನೇರವಾಗಿ ಹೇಳಬೇಕು.

ಹೇಳದಿದ್ದರೆ ನಷ್ಟವಾಗುವುದು ಚಿಕಿತ್ಸೆಗೇ. ಈ ಎರಡು ವರ್ಷಗಳಲ್ಲಿ ವೈದ್ಯರ ಕೈ ಹಲ್ಲನ್ನು ಮುಟ್ಟುವುದು ಎಲ್ಲ ಸೇರಿ ಕೆಲವೇ ಗಂಟೆ. ಮಿಕ್ಕಿದ್ದೆಲ್ಲ ಮೂಳೆಯ ಕೆಲಸ ಮತ್ತು ಆ ಹುಡುಗ ಅಥವಾ ಹುಡುಗಿಯ ಕೈಯ ಕೆಲಸ. ಮೂಳೆಯನ್ನು ಅವಸರಪಡಿಸಲು ಆಗುವುದಿಲ್ಲ. ಆದರೆ ಮೂಳೆ ಮಾಡಿದ ಕೆಲಸವನ್ನು ವ್ಯರ್ಥ ಮಾಡುವುದು ಬಹಳ ಸುಲಭ.

ಹಲ್ಲು ಹೇಗೆ ಸರಿಯುತ್ತದೆ

ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪೊರೆ ಇದೆ. ತಂತಿ ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಬದಿಯ ಪೊರೆ ಅಮುಕುತ್ತದೆ, ಎದುರು ಬದಿಯದು ಹಿಗ್ಗುತ್ತದೆ. ಒಂದೆರಡು ದಿನಗಳಲ್ಲಿ ಅಮುಕಿದ ಬದಿಗೆ ಮೂಳೆಯನ್ನು ಕರಗಿಸುವ ಜೀವಕೋಶಗಳು ಬರುತ್ತವೆ, ಹಿಗ್ಗಿದ ಬದಿಯಲ್ಲಿ ಹೊಸ ಮೂಳೆ ಕಟ್ಟುವ ಕೋಶಗಳು ಕೆಲಸ ಶುರುಮಾಡುತ್ತವೆ. ಮುಂದೆ ಕರಗುತ್ತಾ ಹಿಂದೆ ಕಟ್ಟುತ್ತಾ ಹಲ್ಲು ತನ್ನ ಗೂಡನ್ನೇ ಹೊತ್ತುಕೊಂಡು ಸರಿಯುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ತಿಂಗಳಿಗೆ ಸುಮಾರು 1 ಮಿಲಿಮೀಟರ್.

ಇದಕ್ಕೆ ಬೇಕಾದ ಬಲ ಅಚ್ಚರಿಯಾಗುವಷ್ಟು ಕಡಿಮೆ. ಹಲ್ಲನ್ನು ಸ್ವಲ್ಪ ವಾಲಿಸಲು 35ರಿಂದ 60 ಗ್ರಾಂ, ಬೇರುಸಮೇತ ಇಡಿಯಾಗಿ ಸರಿಸಲು 70ರಿಂದ 120 ಗ್ರಾಂ ಸಾಕು. "ಸ್ವಲ್ಪ ಬಿಗಿ ಮಾಡಿ, ಪರೀಕ್ಷೆ ಹೊತ್ತಿಗೆ ಮುಗಿದುಬಿಡಲಿ" ಎಂದು ಕೇಳುವವರಿದ್ದಾರೆ. ಬಲ ಹೆಚ್ಚಾದರೆ ಆಗುವುದು ಉಲ್ಟಾ. ಪೊರೆಯೊಳಗಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಆ ಜಾಗದ ಕೋಶಗಳು ಸಾಯುತ್ತವೆ. ಮೂಳೆ ಕರಗಿಸುವ ಕೋಶಗಳು ಅಲ್ಲಿಗೆ ನೇರವಾಗಿ ಬರಲಾಗದೆ ಹಿಂಬದಿಯಿಂದ ಮೂಳೆ ಕೊರೆದುಕೊಂಡು ಬರಬೇಕಾಗುತ್ತದೆ. ಅಷ್ಟರವರೆಗೆ ಹಲ್ಲು ವಾರಗಟ್ಟಲೆ ಕದಲುವುದೇ ಇಲ್ಲ, ನೋವು ಮಾತ್ರ ಹೆಚ್ಚು. ಬೇರಿನ ತುದಿ ಸವೆಯುವ ಅಪಾಯವೂ ಏರುತ್ತದೆ. ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ನಾಲ್ಕರಿಂದ ಎಂಟು ವಾರ ಬಿಡುವುದು ಈ ಕಾರಣಕ್ಕೆ. ವೈದ್ಯರಿಗೆ ಪುರುಸೊತ್ತಿಲ್ಲ ಅಂತಲ್ಲ. ಕಂಪಿಸುವ ಸಾಧನ ಕಚ್ಚಿಕೊಂಡರೆ ಹಲ್ಲು ಬೇಗ ಸರಿಯುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ದುಡ್ಡು ಸುರಿಯಬೇಡಿ. ಅದರಿಂದ ಚಿಕಿತ್ಸೆಯ ಅವಧಿ ಗಣನೀಯವಾಗಿ ಇಳಿಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ.

ಬೇರಿನ ಸವೆತದ ಮಾತು ಬಂದಿದ್ದರಿಂದ ಇಲ್ಲೇ ಹೇಳುವುದು ಒಳ್ಳೆಯದು. ಚಿಕಿತ್ಸೆಯಲ್ಲಿ ಬೇರುಗಳ ತುದಿ ಸ್ವಲ್ಪ ಮೊಂಡಾಗುವುದು ಸಾಮಾನ್ಯ, ಬಹುಪಾಲು ಜನರಲ್ಲಿ ಅದು ಒಂದೆರಡು ಮಿಲಿಮೀಟರಿನೊಳಗೇ ಇರುತ್ತದೆ, ಹಲ್ಲಿನ ಆಯುಷ್ಯಕ್ಕೆ ತೊಂದರೆಯಿಲ್ಲ. ಕೆಲವೇ ಕೆಲವರಲ್ಲಿ ಮಾತ್ರ ಹೆಚ್ಚಾಗುತ್ತದೆ. ಬೇರು ಮೊದಲೇ ಚಿಕ್ಕದಿದ್ದರೆ, ಮೊನಚಾಗಿದ್ದರೆ, ಅಥವಾ ಆ ಹಲ್ಲಿಗೆ ಹಿಂದೆ ಪೆಟ್ಟು ಬಿದ್ದಿದ್ದರೆ ಸಾಧ್ಯತೆ ಜಾಸ್ತಿ. ಚಿಕ್ಕಂದಿನಲ್ಲಿ ಬಿದ್ದು ಮುಂದಿನ ಹಲ್ಲಿಗೆ ಏಟಾಗಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. ಮನೆಯವರು ಅದನ್ನು ಮರೆತಿರುತ್ತಾರೆ, ಮಕ್ಕಳಿಗೆ ನೆನಪಿರುತ್ತದೆ.

ಎಷ್ಟನೇ ವಯಸ್ಸು

ಮೊದಲ ತಪಾಸಣೆ ಏಳನೇ ವಯಸ್ಸಿನೊಳಗೆ ಆಗಲಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ (ಹಲ್ಲು ಸಾಲಾಗಿಸುವ ತಜ್ಞರ) ಸಂಘ ಸಲಹೆ ಕೊಡುತ್ತದೆ. ಏಳಕ್ಕೇ ಕ್ಲಿಪ್ ಹಾಕಬೇಕು ಎಂದು ಇದರರ್ಥವಲ್ಲ. ಬಹುತೇಕ ಮಕ್ಕಳನ್ನು ನೋಡಿ "ಇನ್ನು ಮೂರ್ನಾಲ್ಕು ವರ್ಷ ಬಿಟ್ಟು ಬನ್ನಿ" ಎಂದು ಕಳಿಸುವುದೇ ಸರಿಯಾದ ಚಿಕಿತ್ಸೆ. ಕೆಲವು ತೊಂದರೆಗಳು ಮಾತ್ರ ಕಾಯುವುದಿಲ್ಲ. ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗಡೆ ಕಚ್ಚಿಕೊಳ್ಳುವುದು, ಮೇಲ್ದವಡೆ ಬೆಳವಣಿಗೆಯಲ್ಲಿ ಹಿಂದುಳಿಯುವುದು, ಉಬ್ಬುಹಲ್ಲು ತುಟಿಯಿಂದ ಹೊರಗೇ ಉಳಿದು ಬಿದ್ದಾಗಲೆಲ್ಲ ಏಟು ತಿನ್ನುವುದು ಆ ಬಗೆಯವು. ಹತ್ತರ ಹೊತ್ತಿಗೆ ಮೇಲಿನ ಕೋರೆಹಲ್ಲುಗಳು ಒಸಡಿನ ಮೇಲ್ಭಾಗದಲ್ಲಿ, ತುಟಿಯ ಬದಿಗೆ, ಬೆರಳಿಗೆ ಉಬ್ಬಾಗಿ ತಾಕಬೇಕು. ತಾಕದಿದ್ದರೆ ಅವು ಅಂಗುಳದ ಕಡೆಗೆ ದಾರಿ ತಪ್ಪಿರಬಹುದು. ಆಗ ಹಾಲುಹಲ್ಲಿನ ಕೋರೆಯನ್ನು ತೆಗೆದರೆ ಕೆಲವೊಮ್ಮೆ ತಾನಾಗಿಯೇ ದಾರಿಗೆ ಬರುತ್ತದೆ. ಹದಿನಾಲ್ಕಕ್ಕೆ ಗೊತ್ತಾದರೆ ಒಸಡು ತೆರೆದು, ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ, ತಿಂಗಳುಗಟ್ಟಲೆ ಎಳೆದು ತರಬೇಕಾಗುತ್ತದೆ.

ಅಗಲ ಸಾಲದ ಮೇಲ್ದವಡೆಗೆ ಹಾಕುವ ಎಕ್ಸ್‌ಪ್ಯಾಂಡರ್ ಮನೆಮಂದಿಯನ್ನು ಗಾಬರಿಪಡಿಸುವ ಸಾಧನ. ಅಂಗುಳದ ನಡುವೆ ಒಂದು ತಿರುಪು ಇರುತ್ತದೆ, ಅದರ ತೂತಿಗೆ ಸಣ್ಣ ಕೀಲಿ ಹಾಕಿ ಹಿಂದಕ್ಕೆ ತಳ್ಳಬೇಕು. ಒಂದು ಸಲ ತಿರುಗಿಸಿದರೆ ಸಾಮಾನ್ಯವಾಗಿ 0.25 ಮಿಲಿಮೀಟರ್, ದಿನಕ್ಕೆ ಒಂದು ಅಥವಾ ಎರಡು ಸಲ. ಮೂಗಿನ ಬುಡದಲ್ಲಿ ಒತ್ತಿದಂತೆ ಕೆಲವು ನಿಮಿಷ ಅನ್ನಿಸುತ್ತದೆ. ಕೆಲವು ದಿನಗಳಲ್ಲಿ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಇಲ್ಲದ ಸಂದು ಕಾಣಿಸುತ್ತದೆ. ಏನೋ ಕೆಟ್ಟುಹೋಯಿತೆಂದು ತಿರುಗಿಸುವುದನ್ನು ನಿಲ್ಲಿಸಿಬಿಡುವವರಿದ್ದಾರೆ. ಆ ಸಂದು ಕಂಡರೆ ಅಂಗುಳದ ನಡುಗೆರೆ ಬಿಡಿಸಿಕೊಂಡಿದೆ ಎಂದರ್ಥ, ಅದೇ ಬೇಕಾಗಿದ್ದದ್ದು. ಹಲ್ಲುಗಳು ತಾವಾಗಿಯೇ ಮತ್ತೆ ಹತ್ತಿರ ಬರುತ್ತವೆ. ತಿರುಪನ್ನು ಮಾತ್ರ ಮೂರರಿಂದ ಆರು ತಿಂಗಳು ಹಾಗೆಯೇ ಬಿಟ್ಟು ಮೂಳೆ ತುಂಬಿಕೊಳ್ಳಲು ಬಿಡಬೇಕು.

ಕೆಳದವಡೆ ಹಿಂದಿದ್ದು ಮೇಲಿನ ಹಲ್ಲು ಮುಂದಿರುವವರಿಗೆ ಬೆಳವಣಿಗೆಯ ಜಿಗಿತದ ಕಾಲ ಅಮೂಲ್ಯ. ಟ್ವಿನ್ ಬ್ಲಾಕ್‌ನಂಥ ಕೆಳದವಡೆಯನ್ನು ಮುಂದಕ್ಕೆ ತರುವ, ಬಾಯಿಂದ ತೆಗೆದು ಮತ್ತೆ ಹಾಕಿಕೊಳ್ಳಬಹುದಾದ ಸಾಧನಗಳು ಕೆಲಸ ಮಾಡುವುದು ಆಗಲೇ. ಹುಡುಗಿಯರಲ್ಲಿ ಆ ಜಿಗಿತ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲು ಬರುವುದರಿಂದ ಅಣ್ಣನಿಗೆ ಹದಿಮೂರಕ್ಕೆ ಸರಿಹೋದದ್ದು ತಂಗಿಗೆ ಹದಿಮೂರಕ್ಕೆ ತಡವಾಗಿರಬಹುದು. ಉಳಿದವರಿಗೆ, ಅಂದರೆ ಹಲ್ಲು ಒತ್ತೊತ್ತಾಗಿರುವ ಅಥವಾ ಸೊಟ್ಟಗಿರುವ ಸಾಮಾನ್ಯ ತೊಂದರೆಯವರಿಗೆ, ಕೊನೆಯ ಹಾಲುಹಲ್ಲು ಬಿದ್ದು ಎರಡನೇ ದವಡೆಹಲ್ಲು ಬರುವ 11ರಿಂದ 14ರ ಅವಧಿ ಅನುಕೂಲ. ಆ ವಯಸ್ಸು ದಾಟಿದರೆ ಹಲ್ಲು ಸರಿಯುವುದಿಲ್ಲ ಎಂಬ ಮಾತು ಸುಳ್ಳು. ದವಡೆಯ ಬೆಳವಣಿಗೆಯ ಲಾಭವೊಂದು ತಪ್ಪುತ್ತದೆ, ಅಷ್ಟೆ.

ಕೀಳುವ ಪ್ರಶ್ನೆ

ಗಟ್ಟಿಯಾಗಿರುವ ನಾಲ್ಕು ಹಲ್ಲುಗಳನ್ನು ತೆಗೆಸಿ ಎಂದಾಗ ಯಾರಿಗಾದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಲೆಕ್ಕ ಹೀಗಿದೆ: ಹಲ್ಲುಗಳಿಗೆ ಬೇಕಾದ ಜಾಗಕ್ಕೂ ದವಡೆಯಲ್ಲಿರುವ ಜಾಗಕ್ಕೂ ಕೊರತೆ 4 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕೀಳುವ ಪ್ರಸಂಗ ಅಪರೂಪ. ದವಡೆ ಸ್ವಲ್ಪ ಅಗಲಿಸಿ, ಅಥವಾ ಹಲ್ಲುಗಳ ಪಕ್ಕದ ಎನಾಮೆಲನ್ನು, ಅಂದರೆ ಹೊರಗಿನ ಗಟ್ಟಿ ಪದರವನ್ನು, ಒಂದೊಂದು ಸಂದಿನಲ್ಲಿ ಅರ್ಧ ಮಿಲಿಮೀಟರಿನೊಳಗೆ ಉಜ್ಜಿ ಜಾಗ ಹೊಂದಿಸಬಹುದು. ಕೊರತೆ 10 ಮಿಲಿಮೀಟರ್ ದಾಟಿದರೆ ಬಹುತೇಕ ಕೀಳಲೇಬೇಕು. ಈ ಎರಡರ ನಡುವೆ ಇರುವವರಿಗೆ ತುಟಿಯ ಆಕಾರ, ಒಸಡಿನ ದಪ್ಪ, ಕಚ್ಚುವ ರೀತಿ ನೋಡಿ ತೀರ್ಮಾನ. ಇಲ್ಲಿ ಇಬ್ಬರು ಒಳ್ಳೆಯ ವೈದ್ಯರು ಬೇರೆ ಬೇರೆ ಉತ್ತರ ಕೊಡಬಹುದು. ಅನುಮಾನವಿದ್ದರೆ "ಕೀಳದಿದ್ದರೆ ಮುಂದಿನ ಹಲ್ಲು ಎಷ್ಟು ಮುಂದೆ ಬರುತ್ತದೆ?" ಎಂದು ಕೇಳಿ. ಕೇಳಲೇಬೇಕಾದ ಪ್ರಶ್ನೆ ಅದು.

ಸಾಮಾನ್ಯವಾಗಿ ತೆಗೆಯುವುದು ಕೋರೆಹಲ್ಲಿನ ಹಿಂದಿನ ಮೊದಲ ಚಿಕ್ಕ ದವಡೆಹಲ್ಲನ್ನು. ಒಂದೊಂದು ಸುಮಾರು 7 ಮಿಲಿಮೀಟರ್ ಅಗಲ. ತಿಂಗಳಿಗೆ ಒಂದು ಮಿಲಿಮೀಟರಿನ ಲೆಕ್ಕ ನೆನಪಿದ್ದರೆ, ಆ ಜಾಗ ಮುಚ್ಚುವುದಕ್ಕೇ ಅರ್ಧ ವರ್ಷಕ್ಕೂ ಹೆಚ್ಚು ಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಅಂಟಿಸುವ ದಿನ

ಅದಕ್ಕೂ ಮೊದಲು ಪೂರ್ತಿ ದವಡೆಯ ಎಕ್ಸ್‌ರೇ, ತಲೆಯ ಪಕ್ಕದ ಎಕ್ಸ್‌ರೇ, ಫೋಟೋಗಳು, ಅಚ್ಚು ಅಥವಾ ಸ್ಕ್ಯಾನ್ ಆಗಿರಬೇಕು. ಹುಳುಕಿದ್ದರೆ ತುಂಬಿಸಿರಬೇಕು. ಹಿಂದಿನ ದವಡೆಹಲ್ಲಿಗೆ ಉಂಗುರದಂಥ ಬ್ಯಾಂಡ್ ಕೂರಿಸುವುದಾದರೆ ಕೆಲವು ದಿನ ಮುಂಚೆ ಹಲ್ಲುಗಳ ಸಂದಿಗೆ ಸಣ್ಣ ರಬ್ಬರ್ ಬಳೆ ತೂರಿಸುತ್ತಾರೆ. ಎರಡು ದಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂತಿರುತ್ತದೆ. ಕಡ್ಡಿ ಹಾಕಿ ಕೆದಕಬೇಡಿ. ಬಿದ್ದುಹೋದರೆ ಫೋನ್ ಮಾಡಿ ತಿಳಿಸಿ.

ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡೇ ಬ್ರಾಕೆಟ್. ಅದನ್ನು ಅಂಟಿಸುವಾಗ ಇಂಜೆಕ್ಷನ್ ಇಲ್ಲ, ನೋವೂ ಇಲ್ಲ. ಕಷ್ಟವೇನಿದ್ದರೂ ಒಂದು ಗಂಟೆಯ ಹತ್ತಿರ ಬಾಯಿ ತೆರೆದಿರುವುದು. ತುಟಿ-ಕೆನ್ನೆಯನ್ನು ಪ್ಲಾಸ್ಟಿಕ್ ಚೌಕಟ್ಟೊಂದು ಹಿಂದಕ್ಕೆ ಹಿಡಿದಿರುತ್ತದೆ, ಎಂಜಲು ಹೀರುವ ನಳಿಕೆ ಸದ್ದು ಮಾಡುತ್ತಿರುತ್ತದೆ. ಮೊದಲು ಹಲ್ಲನ್ನು ಉಜ್ಜಿ, ಒಂದೊಂದರ ಮೇಲೂ ನೀಲಿ ಅಥವಾ ಹಸಿರು ಜೆಲ್ಲಿನ ಚುಕ್ಕೆ ಇಡುತ್ತಾರೆ. ಅದು ಸುಮಾರು 37 ಶೇಕಡ ಫಾಸ್ಫಾರಿಕ್ ಆಮ್ಲ. 15ರಿಂದ 30 ಸೆಕೆಂಡಿನಲ್ಲಿ ತೊಳೆದುಬಿಡುತ್ತಾರೆ. ನಾಲಿಗೆಗೆ ತಾಕಿದರೆ ಹುಳಿ ಹುಳಿ. ಗಾಳಿ ಊದಿ ಒಣಗಿಸಿದಾಗ ಆ ಜಾಗ ಮಂಜು ಹಿಡಿದ ಗಾಜಿನ ಹಾಗೆ ಬೆಳ್ಳಗೆ ಕಾಣುತ್ತದೆ. ಎನಾಮೆಲಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ಕುಳಿಗಳಾಗಿವೆ, ಅಂಟು ಅದರೊಳಗೆ ಇಳಿದು ಹಿಡಿಯುತ್ತದೆ. ಈ ಆಮ್ಲದ ಉಪಾಯವನ್ನು 1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬ್ಯುನೊಕೋರ್ ತೋರಿಸಿಕೊಡುವ ಮುಂಚೆ ಬ್ರಾಕೆಟ್‌ಗಳನ್ನು ನಿಲ್ಲಿಸಲು ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಾಗಿತ್ತು.

ಒಣಗಿದ ಹಲ್ಲಿಗೆ ಅಂಟು ಹಿಡಿಯಲು ನೆರವಾಗುವ ಪ್ರೈಮರ್ ದ್ರವ ಸವರಿ, ಬೆನ್ನಿಗೆ ಅಂಟು ಹಚ್ಚಿದ ಬ್ರಾಕೆಟ್ಟನ್ನು ಚಿಮಟದಿಂದ ಇಟ್ಟು, ಅದರ ಎತ್ತರ ಅಳೆದು, ಓರೆಯಾಗದಂತೆ ತಿದ್ದಿ, ಹೊರಬಂದ ಅಂಟನ್ನು ಕೆರೆದು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಈ ಹೊತ್ತಿನಲ್ಲಿ ಎಂಜಲು ತಾಕಿದರೆ ಅಂಟು ದುರ್ಬಲ. ಒಂದೆರಡು ವಾರದಲ್ಲೇ ಕಾರಣವಿಲ್ಲದೆ ಕಳಚುವ ಬ್ರಾಕೆಟ್‌ಗಳಿಗೆ ಬಹಳ ಸಲ ಇದೇ ಕಾರಣ. ನಾಲಿಗೆ ಆಡಿಸದೆ ಇರುವುದೇ ಆಗ ಮಲಗಿದವರು ಮಾಡಬಹುದಾದ ದೊಡ್ಡ ಉಪಕಾರ. ಎಲ್ಲ ಅಂಟಿದ ಮೇಲೆ ತಂತಿ, ಅದನ್ನು ಹಿಡಿದಿಡಲು ಬಣ್ಣಬಣ್ಣದ ಪುಟ್ಟ ರಬ್ಬರ್ ಬಳೆಗಳು. ಬಿಳಿ ಮತ್ತು ಪಾರದರ್ಶಕ ಬಳೆಗಳು ಬೇಗ ಹಳದಿಯಾಗುತ್ತವೆ. ಕಾಣಬಾರದು ಎಂದಿದ್ದರೆ ಬೂದುಬಣ್ಣ ಕೇಳಿ.

ಮೊದಲ ವಾರ

ಕುರ್ಚಿಯಿಂದ ಎದ್ದಾಗ ಏನೂ ನೋವಿರುವುದಿಲ್ಲ. ನಾಲ್ಕು ಗಂಟೆ ಕಳೆದ ಮೇಲೆ ಶುರುವಾಗಿ, ಮರುದಿನ ಅತಿ ಹೆಚ್ಚಾಗಿ, ವಾರದೊಳಗೆ ಇಳಿಯುತ್ತದೆ. ಚುಚ್ಚುವ ನೋವಲ್ಲ, ಕಚ್ಚಿದರೆ ಹಲ್ಲೆಲ್ಲ ಜುಮ್ಮೆನ್ನುವ, ಮೆತ್ತಗಿನದನ್ನೂ ಅಗಿಯಲಾಗದ ನೋವು. ಪ್ಯಾರಾಸಿಟಮಾಲ್ ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಒಂದೆರಡು ದಿನ ಸಾಕಾಗುತ್ತದೆ. ಎರಡು ದಿನ ಮೆತ್ತಗಿನ ಊಟಕ್ಕೆ ವ್ಯವಸ್ಥೆ ಮಾಡಿಕೊಳ್ಳಿ. ಪರೀಕ್ಷೆಯ ಹಿಂದಿನ ದಿನ ಅಂಟಿಸಿಕೊಳ್ಳಬೇಡಿ. ತಂತಿ ಬದಲಿಸಿದಾಗಲೆಲ್ಲ ಇದರ ಸಣ್ಣ ರೂಪ ಮರುಕಳಿಸುತ್ತದೆ, ಆದರೆ ಮೊದಲ ಸಲದಷ್ಟು ಇರುವುದು ಕಡಿಮೆ.

ಕೆನ್ನೆಯ ಒಳಗೆ ಹುಣ್ಣಾಗುವುದು ಬೇರೆಯದೇ ಕಾಟ. ಕೊಟ್ಟ ಮೇಣವನ್ನು ಅವರೆಕಾಳಿನಷ್ಟು ಕಿತ್ತು, ಬೆರಳಲ್ಲಿ ಉಂಡೆ ಮಾಡಿ, ಬ್ರಾಕೆಟ್ಟನ್ನು ಹತ್ತಿಯಿಂದ ಒರೆಸಿ ಒಣಗಿಸಿ ಆಮೇಲೆ ಒತ್ತಬೇಕು. ಒದ್ದೆ ಲೋಹಕ್ಕೆ ಮೇಣ ಹಿಡಿಯುವುದಿಲ್ಲ. ಮೇಣ ನಿಲ್ಲುವುದೇ ಇಲ್ಲ ಎಂದು ದೂರುವವರು ಬಹುತೇಕ ಈ ಒರೆಸುವುದನ್ನು ಬಿಟ್ಟಿರುತ್ತಾರೆ. ಉಗುರು ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ಹಿತ. ಎರಡು-ಮೂರು ವಾರದಲ್ಲಿ ಕೆನ್ನೆಯ ಚರ್ಮ ಒಗ್ಗಿಕೊಳ್ಳುತ್ತದೆ.

ಹಲ್ಲು ಸ್ವಲ್ಪ ಅಲುಗಾಡುತ್ತದೆ, ಗಾಬರಿ ಬೇಡ. ಪೊರೆ ಹಿಗ್ಗಿದ್ದರ ಲಕ್ಷಣ ಅದು. ಹಿಂದಿನ ಹಲ್ಲುಗಳ ಮೇಲೆ ನೀಲಿ ಸಿಮೆಂಟಿನ ದಿಬ್ಬ ಇಟ್ಟಿದ್ದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಕೆಳಗಿನ ಬ್ರಾಕೆಟ್ಟಿಗೆ ಮೇಲಿನ ಹಲ್ಲು ಬಡಿಯದಿರಲಿ ಎಂದು ಬೇಕೆಂದೇ ಇಟ್ಟದ್ದು. ಗಾಳಿವಾದ್ಯ ನುಡಿಸುವವರು ಮೊದಲೇ ಹೇಳಿ, ತುಟಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ ಆಡುವವರಿಗೆ ಬ್ರಾಕೆಟ್ ಮೇಲೆ ಕೂರುವ ವಿಶೇಷ ಮೌತ್‌ಗಾರ್ಡ್ ಬೇಕೇ ಬೇಕು.

ಏನೂ ಆಗುತ್ತಿಲ್ಲ ಅನ್ನಿಸುವ ತಿಂಗಳುಗಳು

ಮನಸ್ಸು ಸೋಲುವುದು ಮೊದಲ ವಾರದಲ್ಲಲ್ಲ, ಎಂಟನೇ-ಹತ್ತನೇ ತಿಂಗಳಲ್ಲಿ. ಮೊದಲ ತಂತಿ ಸಾಮಾನ್ಯವಾಗಿ ನಿಕಲ್-ಟೈಟಾನಿಯಮ್ಮಿನದು, 0.014 ಇಂಚು ದಪ್ಪ. ಸೊಟ್ಟ ಹಲ್ಲುಗಳ ಮೇಲೆ ಬಗ್ಗಿಸಿ ಕಟ್ಟಿದರೂ ತನ್ನ ಮೂಲ ಬಾಗಿಗೆ ಮರಳಲು ವಾರಗಟ್ಟಲೆ ಮೃದುವಾಗಿ ಎಳೆಯುತ್ತಲೇ ಇರುತ್ತದೆ. ಅದರ ಪ್ರಭಾವದಲ್ಲಿ ಆರು ತಿಂಗಳೊಳಗೆ ಮುಂದಿನ ಹಲ್ಲುಗಳು ನೆಟ್ಟಗೆ ಕಾಣತೊಡಗುತ್ತವೆ. ಗೆಳೆಯರು "ಆಗೇ ಹೋಯ್ತಲ್ಲ, ಇನ್ನೂ ಯಾಕೆ?" ಅನ್ನುತ್ತಾರೆ. ಕನ್ನಡಿಯೂ ಅದನ್ನೇ ಹೇಳುತ್ತದೆ. ಅಲ್ಲಿಂದ ಮುಂದಿನ ಒಂದು ವರ್ಷದ ಕೆಲಸ ಕನ್ನಡಿಗೆ ಕಾಣುವುದೇ ಇಲ್ಲ.

ದುಂಡು ತಂತಿ ಹಲ್ಲಿನ ತಲೆಯನ್ನು ಸಾಲಿಗೆ ತರುತ್ತದೆ, ಬೇರನ್ನು ತರುವುದಿಲ್ಲ. ಅದಕ್ಕೆ ಆಯತಾಕಾರದ ಉಕ್ಕಿನ ತಂತಿ ಬೇಕು. ಬ್ರಾಕೆಟ್ಟಿನಲ್ಲಿ ತಂತಿ ಕೂರುವ ತೋಡು 0.022 ಇಂಚು ಅಗಲವಿದ್ದರೆ ಒಂದು ಬದಿ 0.019, ಇನ್ನೊಂದು ಬದಿ 0.025 ಇಂಚಿನ ತಂತಿ. ಅದು ತೋಡಿನ ಗೋಡೆಗಳಿಗೆ ತಾಕಿ ತಿರುಚಿದಾಗ ಬೇರು ಮೂಳೆಯೊಳಗೆ ನಿಧಾನವಾಗಿ ಓಲುತ್ತದೆ. ಕಿತ್ತ ಜಾಗ ಮುಚ್ಚುವುದು, ಮೇಲಿನ-ಕೆಳಗಿನ ಹಲ್ಲು ಒಂದಕ್ಕೊಂದು ಸರಿಯಾಗಿ ಕೂರುವುದು, ಎರಡೂ ಸಾಲುಗಳ ನಡುಗೆರೆ ಸೇರುವುದು ಎಲ್ಲವೂ ಈ ತಂತಿಯ ಮೇಲೆಯೇ. ಈ ಹಂತದಲ್ಲಿ ತೆಗೆಸಿಬಿಟ್ಟರೆ ಫೋಟೋದಲ್ಲಿ ಚೆನ್ನಾಗಿರುತ್ತದೆ, ಅಗಿಯುವಾಗ ಹಲ್ಲುಗಳು ಸರಿಯಾಗಿ ಸೇರುವುದಿಲ್ಲ. ವಾಲಿನಿಂತ ಹಲ್ಲು ಬೇಗ ಹಿಂದಿರುಗುತ್ತದೆ ಕೂಡ.

ಎಲಾಸ್ಟಿಕ್, ಅಂದರೆ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಎಳೆದು ಹಾಕುವ ರಬ್ಬರ್ ಬಳೆ, ಬರುವುದೂ ಈಗಲೇ. ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿನ ಕೊಕ್ಕೆಗೆ ಹಾಕುವುದು ಉಬ್ಬುಹಲ್ಲಿನವರಿಗೆ ಸಾಮಾನ್ಯ. ಕೆಲವು ಕಂಪನಿಗಳ ಪೊಟ್ಟಣದ ಮೇಲೆ ಪ್ರಾಣಿಯ ಚಿತ್ರ ಇರುತ್ತದೆ, ಅದು ಅಳತೆ ಮತ್ತು ಬಲದ ಗುರುತು. ಉದಾಹರಣೆಗೆ 3/16 ಇಂಚು, 4.5 ಔನ್ಸ್, ಅಂದರೆ ಸುಮಾರು 125 ಗ್ರಾಂ. ಗೆಳೆಯರ ಪೊಟ್ಟಣದೊಂದಿಗೆ ಅದಲುಬದಲು ಮಾಡಿಕೊಳ್ಳುವಂತಿಲ್ಲ. ದಿನಕ್ಕೆ 20ರಿಂದ 22 ಗಂಟೆ ಹಾಕಬೇಕು, ಊಟಕ್ಕೆ ಮತ್ತು ಹಲ್ಲುಜ್ಜಲು ಮಾತ್ರ ತೆಗೆಯಬೇಕು, ದಿನವೂ ಹೊಸದು. ಬಾಯಿಯ ತೇವದಲ್ಲಿ ರಬ್ಬರಿನ ಬಲ ಒಂದೇ ದಿನದಲ್ಲಿ ಇಳಿದುಹೋಗುತ್ತದೆ. ರಾತ್ರಿ ಮಾತ್ರ ಹಾಕಿದರೆ ಅರ್ಧ ಲಾಭವಾದರೂ ಸಿಗಬಹುದಲ್ಲ ಎಂದು ಅನೇಕರು ಅಂದುಕೊಳ್ಳುತ್ತಾರೆ. ಸಿಗುವುದಿಲ್ಲ. ರಾತ್ರಿ ಎಳೆದದ್ದು ಹಗಲಲ್ಲಿ ಹಿಂದೆ ಹೋಗುತ್ತದೆ, ಹಲ್ಲು ಮುಂದೆ-ಹಿಂದೆ ಅಲುಗಾಡುತ್ತಾ ನೋಯುತ್ತದೆ, ಕಚ್ಚು ಇದ್ದಲ್ಲೇ ಇರುತ್ತದೆ. ನಿನ್ನೆ ಮರೆತದ್ದಕ್ಕೆ ಇವತ್ತು ಎರಡೆರಡು ಹಾಕುವುದು ಇನ್ನೂ ತಪ್ಪು. ಬಲ ಹೆಚ್ಚಾದರೆ ಏನಾಗುತ್ತದೆ ಎಂಬುದು ಮೇಲೆಯೇ ಬಂದಿದೆ. ನೀವು ಹಾಕುತ್ತಿದ್ದೀರೋ ಇಲ್ಲವೋ ಎಂಬುದು ಬಾಯಿ ತೆರೆದ ಕೂಡಲೇ ವೈದ್ಯರಿಗೆ ಗೊತ್ತಾಗುತ್ತದೆ. ಹಾಕಲಾಗದಿದ್ದರೆ ಹಾಗೆಂದು ಹೇಳಿಬಿಡುವುದೇ ಮೇಲು. ದವಡೆ ನೋವು, ಕೊಕ್ಕೆ ಸಿಗದಿರುವುದು, ಶಾಲೆಯಲ್ಲಿ ನಾಚಿಕೆ, ಕಾರಣ ಯಾವುದೇ ಇರಲಿ ಅದಕ್ಕೆ ಬೇರೆ ದಾರಿ ಹುಡುಕಬಹುದು. ಮುಚ್ಚಿಟ್ಟರೆ ತಿಂಗಳುಗಳು ಸುಮ್ಮನೆ ಹೋಗುತ್ತವೆ.

ಮುರಿಯುವ ಬ್ರಾಕೆಟ್‌ಗಳೂ ಹಾಗೆಯೇ ಕಾಲ ತಿನ್ನುತ್ತವೆ. ಮಂಜುಗಡ್ಡೆ ಕಡಿಯುವುದು, ಪೆನ್ನಿನ ತುದಿ ಅಗಿಯುವುದು, ಬೀಜದ ಗಟ್ಟಿ ಸಿಪ್ಪೆಯನ್ನು ಹಲ್ಲಲ್ಲಿ ಒಡೆಯುವುದು, ಅಂಟುವ ಟಾಫಿ, ಸೇಬನ್ನು ಇಡಿಯಾಗಿ ಕಚ್ಚುವುದು. ಸೇಬು ತಿನ್ನಬಾರದು ಅಂತಲ್ಲ, ಹೋಳು ಮಾಡಿ ಹಿಂದಿನ ಹಲ್ಲಲ್ಲಿ ಅಗಿಯಿರಿ. ಕಳಚಿದ ಬ್ರಾಕೆಟ್ ತಂತಿಯಲ್ಲಿ ಜಾರಾಡುತ್ತಿದ್ದರೆ ಆ ಹಲ್ಲಿನ ಮೇಲೆ ತಂತಿಗೆ ಹಿಡಿತವಿಲ್ಲ; ಮುಂದಿನ ಭೇಟಿಯವರೆಗೆ ಕಾಯದೆ ಆವತ್ತೇ ಫೋನ್ ಮಾಡಿ. ಭೇಟಿಯ ದಿನ ಬಂದು ಹೇಳಿದರೆ ಅಂದಿನ ಹೊತ್ತೆಲ್ಲ ಮತ್ತೆ ಅಂಟಿಸುವುದಕ್ಕೇ ಹೋಗುತ್ತದೆ, ದಪ್ಪ ತಂತಿಯಿಂದ ತೆಳು ತಂತಿಗೆ ಹಿಂದಿರುಗಬೇಕಾಗಲೂಬಹುದು. ಹಿಂದುಗಡೆ ಚುಚ್ಚುವ ತಂತಿಗೆ ಮೇಣ ಹಚ್ಚಿ, ಅಥವಾ ಪೆನ್ಸಿಲ್ಲಿನ ಹಿಂದಿನ ರಬ್ಬರ್ ತುದಿಯನ್ನು ತೊಳೆದು ಅದರಿಂದ ಮೆಲ್ಲಗೆ ಒಳಗೆ ಬಗ್ಗಿಸಿ. ಬ್ರಾಕೆಟ್ ನುಂಗಿದರೆ ಬಹುತೇಕ ಹೊಟ್ಟೆಯ ದಾರಿಯಲ್ಲೇ ಹೊರಹೋಗುತ್ತದೆ. ಬಿಡದ ಕೆಮ್ಮು ಅಥವಾ ಉಸಿರಾಟಕ್ಕೆ ತೊಂದರೆ ಇದ್ದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಳಿ ಕಲೆ

ಹಲ್ಲು ಸೊಗಸಾಗಿ ಸಾಲಾಗಿ, ಬ್ರಾಕೆಟ್ ಇದ್ದ ಜಾಗದ ಸುತ್ತ ಸುಣ್ಣ ಬಳಿದಂಥ ಚೌಕಗಳು ಉಳಿದುಬಿಟ್ಟರೆ, ಅದಕ್ಕಿಂತ ದುಃಖದ ಫಲಿತಾಂಶ ಈ ಚಿಕಿತ್ಸೆಯಲ್ಲಿ ಇನ್ನೊಂದಿಲ್ಲ. ಬ್ರಾಕೆಟ್ಟಿಗೂ ಒಸಡಿಗೂ ನಡುವಿನ ಕಿರುಜಾಗದಲ್ಲಿ ಕೊಳೆ ಕೂತು, ಅಲ್ಲಿ ಹುಟ್ಟುವ ಆಮ್ಲ ಎನಾಮೆಲಿನ ಖನಿಜವನ್ನು ಕರಗಿಸುತ್ತದೆ. ನಾಲ್ಕೇ ವಾರದಲ್ಲಿ ಕಾಣಿಸಿಕೊಳ್ಳಬಹುದು. ತೆಗೆದ ಮೇಲೆ ಕೆಲವು ಮಂಕಾಗುತ್ತವೆ, ಕೆಲವು ಜೀವನಪರ್ಯಂತ ಉಳಿಯುತ್ತವೆ.

ಉಜ್ಜುವ ರೀತಿ ಬದಲಾಗಬೇಕು. ಬ್ರಷ್ಷನ್ನು ಮೊದಲು ತಂತಿಯ ಮೇಲಿನಿಂದ ಒಸಡಿನ ಅಂಚಿಗೆ ಓರೆಯಾಗಿ, ಆಮೇಲೆ ತಂತಿಯ ಕೆಳಗಿನಿಂದ ಮೇಲ್ಮುಖವಾಗಿ, ಕೊನೆಗೆ ನೇರವಾಗಿ. ತಂತಿಯ ಅಡಿಯಲ್ಲಿ ಎರಡು ಬ್ರಾಕೆಟ್‌ಗಳ ನಡುವೆ ಸಂದಿನ ಬ್ರಷ್. ಇದೆಲ್ಲ ಸರಿಯಾಗಿ ಆಗಲು ನಾಲ್ಕೈದು ನಿಮಿಷ ಬೇಕು, ಎರಡು ನಿಮಿಷ ಸಾಲದು. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1,350ರಿಂದ 1,500 ಪಿಪಿಎಂ ಇರಲಿ, ಟ್ಯೂಬಿನ ಹಿಂದೆ ಬರೆದಿರುತ್ತದೆ. ಉಜ್ಜಿ ಉಗಿಯಿರಿ, ನೀರಿನಿಂದ ಮುಕ್ಕಳಿಸಿ ಪೇಸ್ಟನ್ನೆಲ್ಲ ತೊಳೆದುಬಿಡಬೇಡಿ. 0.05 ಶೇಕಡ ಸೋಡಿಯಂ ಫ್ಲೋರೈಡಿನ ಮೌತ್‌ವಾಶ್ ಇದ್ದರೆ ಉಜ್ಜದ ಬೇರೆ ಹೊತ್ತಿನಲ್ಲಿ ದಿನಕ್ಕೊಮ್ಮೆ. ಸಿಹಿ ಪಾನೀಯವನ್ನು ಗಂಟೆಗಟ್ಟಲೆ ಗುಟುಕರಿಸುವ ಅಭ್ಯಾಸವಿದ್ದರೆ ಇದ್ಯಾವುದೂ ಕಾಪಾಡುವುದಿಲ್ಲ. ಒಸಡು ಊದಿ ರಕ್ತ ಬಂದರೆ ನೋಯುತ್ತದೆಂದು ಉಜ್ಜುವುದನ್ನು ಬಿಡುತ್ತಾರೆ. ಅಲ್ಲಿಯೇ ಹೆಚ್ಚು ಉಜ್ಜಬೇಕು. ಕೊಳೆ ಹೋದರೆ ಕೆಲವೇ ದಿನದಲ್ಲಿ ಊತ ಇಳಿಯತೊಡಗುತ್ತದೆ. ಶುಚಿ ಇಲ್ಲವೇ ಇಲ್ಲ ಎಂದಾದರೆ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಿ ಕ್ಲಿಪ್ ತೆಗೆಯುವ ವೈದ್ಯರಿದ್ದಾರೆ. ಅದು ಶಿಕ್ಷೆಯಲ್ಲ, ಹಲ್ಲು ಉಳಿಸುವ ದಾರಿ.

ಅಲೈನರ್, ಮತ್ತೊಂದು ಎಚ್ಚರಿಕೆ

ಪಾರದರ್ಶಕ ಅಲೈನರ್‌ಗಳು (ಹಲ್ಲುಸಾಲಿನ ಮೇಲೆ ತೊಡುವ ಪ್ಲಾಸ್ಟಿಕ್ ತಟ್ಟೆಗಳು) ಒಂದೊಂದು ತಟ್ಟೆಗೆ ಹಲ್ಲನ್ನು ಸುಮಾರು 0.25 ಮಿಲಿಮೀಟರ್ ಸರಿಸುತ್ತವೆ, ಒಂದರಿಂದ ಎರಡು ವಾರಕ್ಕೆ ಒಂದು ತಟ್ಟೆ, ದಿನಕ್ಕೆ 20ರಿಂದ 22 ಗಂಟೆ. ಹಲ್ಲಿನ ಮೇಲೆ ಅದೇ ಬಣ್ಣದ ಸಣ್ಣ ಗುಬುಟುಗಳನ್ನು ಅಂಟಿಸಬೇಕಾಗುವುದೂ ಸಾಮಾನ್ಯ. ಊಟಕ್ಕೆ ತೆಗೆಯಬಹುದು, ಉಜ್ಜುವುದು ಸುಲಭ. ಆದರೆ ಮೂಳೆಯ ವೇಗ ಇಲ್ಲಿಯೂ ಅದೇ. ಎಲಾಸ್ಟಿಕ್ಕೇ ಹಾಕದವರು ಅಲೈನರನ್ನೂ ಹಾಕುವುದು ಅನುಮಾನ, ಹಾಗಾಗಿ ಯಾವುದು ಉತ್ತಮ ಎಂಬ ಪ್ರಶ್ನೆಗೆ ಹಲ್ಲಿನ ಜೊತೆ ಮನುಷ್ಯರನ್ನೂ ನೋಡಿ ಉತ್ತರಿಸಬೇಕು.

ಇಂಟರ್ನೆಟ್ಟಿನ ವಿಡಿಯೋ ನೋಡಿ ಮುಂದಿನ ಎರಡು ಹಲ್ಲಿನ ಸಂದು ಮುಚ್ಚಲು ರಬ್ಬರ್ ಬ್ಯಾಂಡ್ ಸುತ್ತಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಬೇರಿನ ಕಡೆಗೆ ಸಣ್ಣದಾಗುತ್ತಾ ಹೋಗುವುದರಿಂದ ಬ್ಯಾಂಡ್ ಜಾರಿ ಒಸಡಿನೊಳಗೆ ಸೇರಿಕೊಳ್ಳುತ್ತದೆ, ಬೇರಿನ ಉದ್ದಕ್ಕೂ ಮೇಲೇರುತ್ತಾ ಸುತ್ತಲಿನ ಮೂಳೆಯನ್ನು ನಾಶಮಾಡುತ್ತದೆ. ಹೊರಗಿನಿಂದ ಬ್ಯಾಂಡ್ ಕಾಣೆಯಾಗಿದೆ ಅಷ್ಟೇ ಅನ್ನಿಸುತ್ತದೆ. ಚೆನ್ನಾಗಿದ್ದ ಎರಡು ಬಾಚಿಹಲ್ಲುಗಳೂ ಹೀಗೆ ಹೋಗಿಬಿಡುತ್ತವೆ.

ತೆಗೆದ ಮೇಲೆ

ತೆಗೆಯುವ ದಿನ ಇಕ್ಕಳದಿಂದ ಬ್ರಾಕೆಟ್ಟಿನ ರೆಕ್ಕೆಗಳನ್ನು ಹಿಚುಕುತ್ತಾರೆ, ಟಕ್ಕೆಂದು ಬರುತ್ತದೆ. ಉಳಿದ ಅಂಟನ್ನು ಗಿರ್ರನೆ ತಿರುಗುವ ಸಣ್ಣ ಬರ್‌ನಿಂದ ಉಜ್ಜುವಾಗ ಕಂಪನ, ಸ್ವಲ್ಪ ಜುಮ್ಮೆನ್ನುವುದು. ಆಮೇಲೆ ಇಡೀ ದಿನ ನಾಲಿಗೆ ಹಲ್ಲಿನ ಮೇಲೆಯೇ ಓಡಾಡುತ್ತಿರುತ್ತದೆ, ಅಷ್ಟು ನುಣುಪು. ಆದರೆ ಆವತ್ತಿಗೆ ಹಲ್ಲಿನ ಸುತ್ತಲಿನ ನಾರುಗಳು ಇನ್ನೂ ಹೊಸ ಜಾಗಕ್ಕೆ ಒಗ್ಗಿರುವುದಿಲ್ಲ. ಬೇರಿನ ಪೊರೆ ಮೂರು-ನಾಲ್ಕು ತಿಂಗಳಲ್ಲಿ ಸರಿಹೊಂದುತ್ತದೆ. ಒಸಡಿನ ಹಿಗ್ಗುವ ನಾರುಗಳಿಗೆ ಒಂದು ವರ್ಷದವರೆಗೂ ಬೇಕು, ತಿರುಗಿದ್ದ ಹಲ್ಲು ಮತ್ತೆ ತಿರುಗುವುದು ಅವುಗಳಿಂದ. ಇದರ ಮೇಲೆ ವಯಸ್ಸಾದಂತೆ ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗುವುದು ಕ್ಲಿಪ್ಪೇ ಹಾಕಿಸದವರಲ್ಲೂ ನಡೆಯುತ್ತದೆ. ಅದರ ಹೊಣೆಯನ್ನು ಬುದ್ಧಿಹಲ್ಲಿನ ಮೇಲೆ ಹೊರಿಸುವುದಕ್ಕೆ ಆಧಾರ ಸಾಲದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟ್ಲ್ ಮತ್ತು ಸಂಗಡಿಗರು, ಹಲ್ಲು ಕಿತ್ತು ಚಿಕಿತ್ಸೆ ಪಡೆದು ರಿಟೇನರ್ (ಸರಿಪಡಿಸಿದ ಹಲ್ಲು ಹಿಂದಿರುಗದಂತೆ ಹಿಡಿದಿಡುವ ಸಾಧನ) ಬಿಟ್ಟು ಹತ್ತು ವರ್ಷವಾದವರನ್ನು ಪರೀಕ್ಷಿಸಿ 1981ರಲ್ಲಿ ವರದಿ ಮಾಡಿದರು. ಕೆಳಗಿನ ಮುಂದಿನ ಹಲ್ಲುಗಳು ತೃಪ್ತಿಕರವಾಗಿ ಉಳಿದಿದ್ದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ.

ಆದ್ದರಿಂದ ರಿಟೇನರ್ ಕೂಡ ಚಿಕಿತ್ಸೆಯೇ. ಕ್ಲಿಪ್ ಹಾಕುವ ಮೊದಲೇ ಈ ಮಾತು ಹೇಳಬೇಕು, ತೆಗೆಯುವ ದಿನ ಹೇಳಿದರೆ ಮೋಸವಾದಂತೆ ಅನ್ನಿಸುವುದು ಸಹಜ. ತೆಗೆದು ಹಾಕುವ ರಿಟೇನರನ್ನು ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿ ಹೊತ್ತು, ಹಲ್ಲು ಸಾಲಾಗಿಯೇ ಇರಬೇಕೆನ್ನುವಷ್ಟು ವರ್ಷ ಹಾಕಬೇಕು. ಬಿಸಿನೀರಲ್ಲಿ ತೊಳೆದರೆ ಸೊಟ್ಟಗಾಗುತ್ತದೆ. ಊಟದ ವೇಳೆ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟು ಎಲೆ-ತಟ್ಟೆಯ ಜೊತೆ ಕಸಕ್ಕೆ ಎಸೆದುಬಿಡುವುದು ಅದು ಕಳೆದುಹೋಗುವ ಅತಿ ಸಾಮಾನ್ಯ ದಾರಿ, ಹಾಗಾಗಿ ಬಾಯಿ ಇಲ್ಲವೇ ಡಬ್ಬಿ, ಮೂರನೆಯ ಜಾಗ ಬೇಡ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿಯನ್ನು ಎತ್ತರದಲ್ಲಿಡಿ, ಎಂಜಲಿನ ವಾಸನೆಗೆ ಅದು ಬಂದೇ ಬರುತ್ತದೆ.

ಹಲ್ಲಿನ ಹಿಂದೆ ಅಂಟಿಸಿದ ತಂತಿಯಾದರೆ ತಿಂಗಳಿಗೊಮ್ಮೆ ಒಂದೊಂದು ಹಲ್ಲಿನ ಬಳಿಯೂ ಉಗುರಿನಿಂದ ತಂತಿಯನ್ನು ಮುಟ್ಟಿ ನೋಡಿ. ಒಂದು ಕಡೆ ಮಾತ್ರ ಅಂಟು ಬಿಟ್ಟಿದ್ದರೆ ಹೊರಗೆ ಏನೂ ಗೊತ್ತಾಗುವುದಿಲ್ಲ, ಆ ಹಲ್ಲು ಮಾತ್ರ ಮೆಲ್ಲಗೆ ಹೊರಳಿರುತ್ತದೆ. ಕೆಲವು ದಿನ ಮರೆತು ಹಾಕಿದ ರಿಟೇನರ್ ಬಿಗಿಯೆನಿಸಿದರೂ ಪೂರ್ತಿ ಕೂತರೆ, ಬಿಗಿ ಕಳೆಯುವವರೆಗೆ ಹಗಲೂ ರಾತ್ರಿ ಹಾಕಿಕೊಳ್ಳಿ. ಅಂಚು ಎದ್ದೇ ಇದ್ದರೆ ಒತ್ತಿ ಕೂರಿಸಲು ಹೋಗಬೇಡಿ, ಒಡೆಯುತ್ತದೆ. ಅದೇ ವಾರ ವೈದ್ಯರಲ್ಲಿಗೆ ಹೋಗಿ, ಆ ಹಳೆಯ ರಿಟೇನರನ್ನೂ ಜೊತೆಗೆ ಒಯ್ಯಿರಿ. ಹಲ್ಲು ಎಲ್ಲಿಂದ ಎಷ್ಟು ಸರಿದಿದೆ ಎಂದು ಅವರು ಅಳೆಯುವುದು ಅದನ್ನಿಟ್ಟುಕೊಂಡೇ.